ಬರೆಯದ ನೆರಳು

ನೀವು ನಂಬುವುದಿಲ್ಲ ಅಂತ ಗೊತ್ತು. ನಂಬುವ ಎದೆ ಇದ್ದವರು ಕೂತುಕೊಳ್ಳಿ. ಇಲ್ಲದವರು ಈಗಲೇ ಎದ್ದು ಹೋಗಿ, ನಡುವೆ ಎದ್ದು "ಎಲ್ಲಾದರೂ ಉಂಟೇನಯ್ಯ" ಅಂತ ತಲೆ ಕೊಡವಬೇಡಿ. ಆ ಊರಿನಲ್ಲಿ ನೆರಳನ್ನು ಅಳೆದು ಹಂಚುತ್ತಿದ್ದರು. ರಾಗಿ ಅಳೆದ ಹಾಗೆ, ಬಟ್ಟೆ ಅಳೆದ ಹಾಗೆ, ನೆರಳು. ಸುಳ್ಳು ಅನ್ನುವವರು ನಮ್ಮ ಹೈದನ ಎದುರಿಗೆ ಬಂದು ಹೇಳಲಿ. ಅವನ ತೋಳನ್ನು ಒಂದು ಸಲ ನೋಡಿ ಆಮೇಲೆ ಹೇಳಲಿ.

ಆ ಊರಿನಲ್ಲಿ ಮರ ಇರಲಿಲ್ಲ. ಇದ್ದದ್ದು ಒಂದು ಗೋಡೆ. ಯಾವ ಕಾಲದಲ್ಲಿ ಯಾರು ಕಟ್ಟಿದರೋ, ಯಾರಿಗೆ ಹೆದರಿ ಕಟ್ಟಿದರೋ, ಊರಿನ ದಕ್ಷಿಣಕ್ಕೆ ಅಡ್ಡಲಾಗಿ ನಿಂತ ಕಪ್ಪು ಕಲ್ಲಿನ ಗೋಡೆ. ತಲೆಯೆತ್ತಿ ನೋಡಿದರೆ ರುಮಾಲು ಹಿಂದಕ್ಕೆ ಬೀಳಬೇಕು, ಅಷ್ಟು ಎತ್ತರ. ಒಂದು ವರ್ಷ ಬಿಸಿಲು ಬೆಂಕಿಯಾಗಿ ಇಳಿಯಿತು. ನಡುಮಧ್ಯಾಹ್ನ ಬೀದಿಯಲ್ಲಿ ನಡೆಯುತ್ತಿದ್ದವರು ನಡೆಯುತ್ತಿದ್ದ ಹಾಗೇ ಬಿದ್ದರು. ಆಗ ದೂರದ ಅರಮನೆಗೆ ಕನಿಕರ ಹುಟ್ಟಿತು. ನಿಜವಾದ ಕನಿಕರವೇ, ಅದರಲ್ಲಿ ಸುಳ್ಳಿಲ್ಲ. ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಊರಿನ ಪ್ರತಿಯೊಂದು ಜೀವವೂ ಗೋಡೆಯ ನೆರಳಿನಲ್ಲಿ ನಿಲ್ಲಬೇಕು, ಎರಡನೆಯ ಗಂಟೆಯವರೆಗೆ ಅಲ್ಲೇ ಇರಬೇಕು, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ ಅಂತ ಅಪ್ಪಣೆಯಾಯಿತು.

ಅಳತೆಯ ಅಧಿಕಾರಿ ಬಂದ. ಒಂದು ದಿನ, ಒಂದೇ ಒಂದು ಮಧ್ಯಾಹ್ನ, ನೆರಳನ್ನು ಅಳೆದ. ಗೋಡೆಯ ಬುಡದಿಂದ ನೆರಳಿನ ಅಂಚಿನವರೆಗೆ ಸುಣ್ಣದ ಗೆರೆ ಎಳೆಸಿದ. ತಲೆಗೊಂದು ಚೌಕ, ಎರಡು ಪಾದ ಹಿಡಿಸುವಷ್ಟು. ಆ ದಿನ ಉಸಿರಾಡುತ್ತಿದ್ದವರ ಹೆಸರೆಲ್ಲ ಪುಸ್ತಕಕ್ಕೆ ಹತ್ತಿತು. ಗೋಡೆಗೆ ಒತ್ತಿಕೊಂಡ ಮೊದಲ ಸಾಲು ನೂಲಿನವರ ಬೀದಿಗೆ, ಆಮೇಲಿನವು ಮಣ್ಣಿನವರ ಬೀದಿಗೆ, ಎಣ್ಣೆಯವರ ಬೀದಿಗೆ, ಮೀನಿನವರ ಬೀದಿಗೆ, ಕಟ್ಟಕಡೆಯ ಸಾಲು ಉಪ್ಪಿನವರ ಬೀದಿಗೆ. ಐದು ಬೀದಿಗೆ ಐದು ಮಾತು, ಐದು ದೇವರು, ಐದು ಥರದ ಒಗ್ಗರಣೆಯ ವಾಸನೆ. ಅಪ್ಪಣೆ ಮಾತ್ರ ಒಂದೇ. ಅಧಿಕಾರಿ ಪುಸ್ತಕ ಮುಚ್ಚಿದ. ಅವತ್ತಿನಿಂದ ನೆರಳು ಅಂದರೆ ಗೆರೆಯ ಒಳಗಿರುವುದು, ಬಿಸಿಲು ಅಂದರೆ ಗೆರೆಯ ಹೊರಗಿರುವುದು. ಆಕಾಶದಲ್ಲಿ ಏನಾಗುತ್ತಿದೆ ಅಂತ ತಲೆಯೆತ್ತಿ ನೋಡುವ ಅಭ್ಯಾಸ ಊರಿಗೆ ತಪ್ಪಿಹೋಯಿತು.

ಗಂಟೆ ಬಾರಿಸುತ್ತಿತ್ತು, ಊರು ಗೆರೆಯೊಳಗೆ ನಿಲ್ಲುತ್ತಿತ್ತು. ಗಂಟೆ ಬಾರಿಸುತ್ತಿತ್ತು, ಊರು ಮನೆಗೆ ಹೋಗುತ್ತಿತ್ತು. ಕಾಲಿಗೆ ಸಿಕ್ಕಿ ಮಾಸಿದ ಗೆರೆಯ ಮೇಲೆ ಮಾರನೆಯ ಬೆಳಿಗ್ಗೆ ಅದೇ ಗೆರೆ, ಅದೇ ಸುಣ್ಣ. ಹೀಗೆ ಎಂಟು ವರ್ಷ.

ಚೌಕವಿಲ್ಲದ ಪಾದ ಮಧ್ಯಾಹ್ನ ನೆಲ ಮುಟ್ಟಿದರೆ ಅದಕ್ಕೆ ಶಿಕ್ಷೆ ಒಂದೇ: ಬಿಸಿಲಿಗೆ ಹಾಕುವುದು. ಅಂದರೆ ಪುಸ್ತಕದಿಂದ ಹೆಸರು ಹೊಡೆದು ಗೆರೆಯಿಂದಾಚೆಯ ಬಯಲಿಗೆ ಅಟ್ಟುವುದು. ಬಿಸಿಲಿಗೆ ಹಾಕಿಸಿಕೊಂಡವರು ವಾಪಸು ಬರುವಂತಿರಲಿಲ್ಲ.

ಇನ್ನು ಪುಸ್ತಕ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳ ಗತಿ? ಅವಕ್ಕೆ ಚೌಕವಿಲ್ಲ. ತಾಯಿ ಎತ್ತಿಕೊಂಡ ಕೂಸು ತಾಯಿಯ ಮೈಯ ಭಾಗ, ಅದಕ್ಕೆ ಬೇರೆ ಪಾದವಿಲ್ಲ ಅಂತ ಚಾವಡಿ ತೀರ್ಮಾನ ಕೊಟ್ಟಿತು. ತಾಯಂದಿರು ಎತ್ತಿಕೊಂಡರು. ಒಂದು ವರ್ಷದ ಕೂಸನ್ನು ಎತ್ತಿಕೊಂಡರು, ಮೂರು ವರ್ಷದ ಕೂಸನ್ನು ಎತ್ತಿಕೊಂಡರು, ಏಳು ವರ್ಷದ ಕೂಸನ್ನೂ ಎತ್ತಿಕೊಂಡರು. ಬೇರೆ ಹೊತ್ತಿನಲ್ಲೂ ಇಳಿಸುತ್ತಿರಲಿಲ್ಲ. ನೆಲದ ರುಚಿ ಹತ್ತಿದ ಪಾದ ಮಧ್ಯಾಹ್ನ ಸುಮ್ಮನಿರುವುದಿಲ್ಲ ಅನ್ನುವ ಭಯ. ಹಾಗಾಗಿ ಆ ಊರಿನ ಮಕ್ಕಳ ಅಂಗಾಲು ಹಸುಳೆಯ ಕೆನ್ನೆಯ ಹಾಗಿತ್ತು, ತಾಯಂದಿರ ಬೆನ್ನು ಬಾಗಿದ ಬಿಲ್ಲಿನ ಹಾಗಿತ್ತು.

ಆ ಊರಿಗೆ ನಮ್ಮ ಹೈದ ಬಂದ.

ಹೈದ ಅಂದರೆ ಸಾಮಾನ್ಯದವನಲ್ಲ. ಏಳು ಹಳ್ಳಿಯ ಗುಂಡುಕಲ್ಲು ಎತ್ತಿ ಹಿಂದಕ್ಕೆ ಎಸೆದವನು. ಅವನು ನೇಗಿಲು ಹಿಡಿದರೆ ಸಾಲು ದಾರ ಹಿಡಿದ ಹಾಗೆ ನೆಟ್ಟಗೆ. ಹೊತ್ತೆಷ್ಟಾಯಿತು ಅಂತ ಕೇಳಿದರೆ ತನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದು ಥಟ್ಟನೆ ಹೇಳುವವನು. ಇದನ್ನೆಲ್ಲ ಯಾರು ಹೇಳಿದರು ಅಂತ ಕೇಳಬೇಡಿ, ಅವನೇ ಹೇಳಿದ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿದ, ಸಿಕ್ಕರೂ ಕೇಳದವರಿಗೆ ಎರಡು ಸಲ ಹೇಳಿದ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದು ಬೇರೆ ಮಾತು. ಉಪ್ಪಿನವರ ಬೀದಿಗೆ ಕೊಟ್ಟ ಅಕ್ಕನನ್ನು ಅವನು ನೋಡಿ ಎಂಟು ವರ್ಷವಾಗಿತ್ತು. ಹೆಗಲ ಮೇಲೆ ಅವರೆಕಾಯಿ ಮೂಟೆ ಹೊತ್ತು ಬಾಗಿಲು ತಟ್ಟಿದ. ತೆರೆದವಳ ಮೈ ಒಂದು ಪಕ್ಕಕ್ಕೆ ಪೂರಾ ವಾಲಿತ್ತು.

"ಅಜ್ಜಿ, ನಮ್ಮಕ್ಕ ಇದ್ದಾಳಾ?" ಅಂದ.

"ನಾನೇ ಕಣೋ," ಅಂದಳು ಅವಳು.

ಹೈದನ ಹೆಗಲ ಮೇಲಿನ ಮೂಟೆ ತಾನಾಗಿಯೇ ಇಳಿಯಿತು. ಅವಳ ಎಡಸೊಂಟದ ಮೇಲೆ ಏಳು ವರ್ಷದ ಹುಡುಗಿ ಕೂತಿದ್ದಳು. ಅವಳ ಕಾಲು ತಾಯಿಯ ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು.

"ಇದೇನಕ್ಕಾ, ಇಷ್ಟುದ್ದ ಹುಡುಗೀನ ಸೊಂಟದ ಮೇಲೆ ಕೂರಿಸ್ಕೊಂಡಿದ್ದೀಯ! ಕಾಲಿಗೇನಾಗಿದೆ ಅವಳಿಗೆ?"

"ಕಾಲಿಗೇನೂ ಆಗಿಲ್ಲ. ನೆಲ ಇಲ್ಲ."

"ನೆಲ ಇಲ್ವಾ? ಮತ್ತೆ ನಾನು ನಿಂತಿರೋದು ಯಾವುದರ ಮೇಲೆ?"

"ಮೆಲ್ಲಗೆ ಮಾತಾಡೋ. ಅವಳು ಕೇಳಿಸ್ಕೋತಾಳೆ."

ಕೂಸು ಆಗಲೇ ಕೇಳಿಸಿಕೊಂಡಿತ್ತು. ಹೈದನ ಕಾಲನ್ನೇ ನೋಡುತ್ತಿತ್ತು. "ಮಾವ, ನೀನು ನಿಂತಿದ್ದೀಯಲ್ಲ, ಹೇಗಿರುತ್ತೆ?" ಅಂತ ಕೇಳಿತು.

ಹೈದ ತನ್ನ ಪಾದ ನೋಡಿಕೊಂಡ. "ಚೆನ್ನಾಗಿರುತ್ತೆ," ಅಂದ. ಅಷ್ಟು ಸಣ್ಣ ಉತ್ತರ ಅವನು ಕೊಟ್ಟದ್ದು ಅದೇ ಮೊದಲು.

ಅಕ್ಕ ಗೋಡೆಗೆ ಆನಿಕೊಂಡು ಎಲ್ಲ ಹೇಳಿದಳು. ಗೋಡೆಯ ಕಥೆ, ಗೆರೆಯ ಕಥೆ, ಪುಸ್ತಕದ ಕಥೆ. ಬಲಸೊಂಟ ಹೋದ ವರ್ಷವೇ ಕೈಕೊಟ್ಟಿತ್ತು. ಈಗ ಎಡಗಡೆಯದ್ದು. ಹುಣ್ಣಿಮೆಯವರೆಗೆ ತಡೆದರೆ ಹೆಚ್ಚು ಅಂತ ನಾಟಿ ವೈದ್ಯ ಹೇಳಿದ್ದ. ಹುಣ್ಣಿಮೆಗೆ ಇನ್ನು ಮೂರು ದಿನ.

"ಭಾವ ಎತ್ಕೋಬಾರ್ದಾ?"

"ತಾಯಿ ಮೈ ಅಂತ ಬರೆದಿದೆ. ಅಪ್ಪನ ಮೈ ಅಂತ ಬರೆದಿಲ್ಲ."

"ಸೊಂಟ ಕೈಕೊಟ್ರೆ?"

ಅಕ್ಕ ಕೂಸಿನ ಅಂಗಾಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಸೊಂಟ ಕೈಕೊಟ್ಟರೆ ಕೂಸು ಜಾರುತ್ತದೆ, ಜಾರಿದರೆ ಪಾದ ನೆಲ ಮುಟ್ಟುತ್ತದೆ, ಮುಟ್ಟಿದರೆ ತಾಯಿ ಮಗಳಿಬ್ಬರೂ ಬಿಸಿಲಿಗೆ.

"ಅಳಬೇಡ," ಅಂದ ಹೈದ, ಅವಳು ಅಳದಿದ್ದರೂ. "ನಾನಿಲ್ವಾ? ಹುಣ್ಣಿಮೆಯೊಳಗೆ ಈ ಕೂಸಿಗೆ ನೆಲ ಕೊಡಿಸದಿದ್ರೆ ಮೀಸೆ ಬೋಳಿಸ್ಕೋತೀನಿ."

"ಈಗ ತಾನೇ ಬರ್ತಿದೆ ಪಾಪ, ಇರಲಿ ಬಿಡು," ಅಂದಳು ಅಕ್ಕ. ಎಂಟು ವರ್ಷದ ಮೇಲೆ ನಕ್ಕಳಂತೆ. ನಕ್ಕಾಗ ಮಾತ್ರ ಹೈದನಿಗೆ ಅವಳ ಗುರುತು ಹತ್ತಿತು.

ಗಂಟೆ ಬಾರಿಸಿತು. ಊರು ಗೆರೆಯೊಳಗೆ ನಿಂತಿತು.

ನೆಂಟರಿಗೆ ಆ ಊರಿನಲ್ಲಿ ಚೌಕವಿಲ್ಲ. ಬಂದ ನೆಂಟ ಕರೆದವರ ಪಾದದ ಮೇಲೆ ನಿಲ್ಲಬೇಕು, ಅದು ರೂಢಿ. ಹಾಗಾಗಿ ಏಳು ಹಳ್ಳಿಯ ಗುಂಡುಕಲ್ಲು ಎತ್ತಿದ ನಮ್ಮ ಹೈದ, ಕಡ್ಡಿಯ ಹಾಗಿದ್ದ ಭಾವನ ಪಾದದ ಮೇಲೆ ಹತ್ತಿ, ಭಾವನ ಭುಜ ಹಿಡಿದು ನಿಂತ. ಪಕ್ಕದ ಚೌಕದಲ್ಲಿ ಅಕ್ಕ, ಅಕ್ಕನ ಸೊಂಟದಲ್ಲಿ ಕೂಸು.

"ನೋವಾಯ್ತಾ ಭಾವ?"

"ಇಲ್ಲ ಬಾಮೈದ. ಎಡಗಾಲು ಅಂತ ಒಂದಿತ್ತು ಅನ್ನೋದು ಮರ್ತುಹೋಯ್ತು, ಅಷ್ಟೇ. ನಿಮ್ಮೂರಲ್ಲಿ ಊಟಕ್ಕೇನು ಹಾಕ್ತಾರೆ?"

ಚಾವಡಿ ನೇಮಿಸಿದ ಪಾದ ನೋಡುವವರು ಬಂದರು. ಕೈಯಲ್ಲಿ ಉದ್ದನೆಯ ಬೆತ್ತ. ಅವರ ಕಣ್ಣು ಯಾರ ಮೊಣಕಾಲಿಗಿಂತ ಮೇಲೂ ಏಳುತ್ತಿರಲಿಲ್ಲ. ಊರಿನ ಪ್ರತಿಯೊಂದು ಹಿಮ್ಮಡಿಯ ಬಿರುಕು ಅವರಿಗೆ ಗೊತ್ತಿತ್ತು, ಒಂದು ಮುಖವೂ ಗೊತ್ತಿರಲಿಲ್ಲ. ಗೆರೆಯಿಂದ ಗೆರೆಗೆ ನಡೆದರು, ಬೆತ್ತ ಆಡಿಸಿದರು, ಹೋದರು.

ಹೈದ ಎತ್ತರದವನು, ಭಾವನ ಪಾದದ ಮೇಲೆ ನಿಂತು ಇನ್ನೂ ಎತ್ತರವಾಗಿದ್ದ. ಅದು ಪುಷ್ಯ ಮಾಸ. ಸೂರ್ಯ ದಕ್ಷಿಣಕ್ಕೆ ಸರಿದು ಗೋಡೆಯ ಹಿಂದೆ ತಗ್ಗಿದ್ದ. ಗೋಡೆಯ ನೆರಳು ಕೊನೆಯ ಗೆರೆಯನ್ನು ದಾಟಿ, ಇನ್ನೂ ಹತ್ತು ಹೆಜ್ಜೆ ಆಚೆಗೆ ಹರಿದು, ಊರಿನ ಉದ್ದಕ್ಕೂ ಕಂಬಳಿ ಹಾಸಿದ ಹಾಗೆ ಬಿದ್ದಿತ್ತು. ಅದರಲ್ಲಿ ಒಂದು ನಾಯಿಯೂ ಮಲಗಿರಲಿಲ್ಲ.

"ಭಾವ, ಅಲ್ಲಿ ನೋಡಿ. ನೆರಳು."

"ಎಲ್ಲಿ?"

"ಗೆರೆಯಿಂದಾಚೆ."

"ಗೆರೆಯಿಂದಾಚೆ ಬಿಸಿಲು ಬಾಮೈದ."

"ಕಣ್ಣು ಬಿಟ್ಟು ನೋಡಿ ಭಾವ."

"ಬಿಟ್ಟೇ ಇದ್ದೀನಿ. ಅಬ್ಬಾ, ಎಷ್ಟು ಚುರುಕಾಗಿದೆ, ಕಣ್ಣು ಕುಕ್ಕುತ್ತೆ," ಅಂತ ಭಾವ ನಿಜವಾಗಿಯೂ ಹಣೆಗೆ ಕೈ ಅಡ್ಡ ಹಿಡಿದ. ಅವನ ಕತ್ತಿನ ಹಿಂದೆ ಸುಟ್ಟು ಮಾಯ್ದ ಕಲೆಗಳಿದ್ದವು, ಒಂದರ ಮೇಲೊಂದು, ಎಂಟು ಬೇಸಿಗೆಯವು.

"ಇದೇನು ಭಾವ, ಬೆಂದಿರೋದು?"

"ಅದಾ? ಬೇಸಿಗೆಯಲ್ಲಿ ಆಗುತ್ತೆ. ನೆರಳಿಂದ."

ಹೈದ ಭಾವನ ಮುಖ ನೋಡಿದ. ತಮಾಷೆ ಇರಲಿಲ್ಲ. ಬೇಸಿಗೆಯಲ್ಲಿ ನೆರಳು ಗೋಡೆಯ ಬುಡಕ್ಕೆ ಹಿಂಜರಿದು, ಉಪ್ಪಿನವರೆಲ್ಲ ಉರಿಬಿಸಿಲಿನಲ್ಲಿ ನಿಂತು, ನೆರಳಿನಲ್ಲಿದ್ದೇವೆ ಅಂತ ನಂಬಿ ಬೆಂದಿದ್ದರು. ಬರೆದದ್ದು ಹಾಗೆ, ನಂಬಿದ್ದೂ ಹಾಗೆ.

ಎರಡನೆಯ ಗಂಟೆ ಬಾರಿಸಿದ ಕೂಡಲೇ ಹೈದ ಚಾವಡಿಗೆ ಹೋದ. ಗುಮಾಸ್ತನ ಮೇಜಿನ ಮೇಲೆ ಪುಸ್ತಕವಿತ್ತು, ಪುಸ್ತಕದ ಮೇಲೆ ಗುಮಾಸ್ತನ ಮೊಣಕೈ ಇತ್ತು.

"ನಮ್ಮಕ್ಕನ ಮಗಳಿಗೆ ಒಂದು ಚೌಕ ಬೇಕು ಸ್ವಾಮಿ."

"ಅಳತೆಯ ದಿನ ಅವಳೆಲ್ಲಿದ್ದಳು?"

"ಹುಟ್ಟಿರಲಿಲ್ಲ."

"ಗೈರುಹಾಜರಿ," ಅಂದ ಗುಮಾಸ್ತ.

"ಈಗ ಹಾಜರಿದ್ದಾಳಲ್ಲ, ಬರ್ಕೊಳ್ಳಿ."

"ಎಲ್ಲಿ ಬರ್ಕೊಳ್ಳಲಿ? ನೆರಳು ಮುಗಿದಿದೆ."

"ಮಧ್ಯೆ ಮಧ್ಯೆ ಚೌಕ ಖಾಲಿ ಇವೆಯಲ್ಲ, ನಾನೇ ಎಣಿಸಿದೆ."

"ಖಾಲಿ ಅಲ್ಲಪ್ಪ, ಅವು ಸತ್ತವರವು. ಹೆಸರು ಪುಸ್ತಕದಲ್ಲಿದೆ. ಅವರೂ ಬಂದು ನಿಲ್ತಾರೆ, ನಿನಗೆ ಕಾಣಲ್ಲ ಅಷ್ಟೇ."

"ಬಿಡಿ, ಸತ್ತವರ ಪಾಲು ಬೇಡ. ಗೆರೆಯಿಂದಾಚೆ ಹತ್ತು ಹೆಜ್ಜೆ ನೆರಳು ಬಿದ್ದಿದೆ. ಅದನ್ನ ಬರ್ಕೊಳ್ಳಿ."

ಗುಮಾಸ್ತ ಲೇಖನಿ ತೆಗೆದ. ಹೈದನ ಎದೆ ಉಬ್ಬಿತು.

"ಆ ನೆರಳಿನ ಸಂಖ್ಯೆ ಹೇಳು."

"ಸಂಖ್ಯೆ ಇಲ್ಲ."

ಗುಮಾಸ್ತ ಲೇಖನಿ ಕೆಳಗಿಟ್ಟ. "ಸಂಖ್ಯೆ ಇಲ್ಲದ್ದು ನೆರಳಲ್ಲ," ಅಂದ. ಕೆಟ್ಟ ಮನುಷ್ಯನೇನಲ್ಲ ಅವನು. ಅವನ ಹೆಂಡತಿಯ ಸೊಂಟದಲ್ಲೂ ಐದು ವರ್ಷದ ಹುಡುಗನಿದ್ದ. ದನಿ ತಗ್ಗಿಸಿ ಹೇಳಿದ: "ಒಂದು ದಾರಿ ಇದೆ. ಬೇರೆ ಬೀದಿಯವರು ತಮ್ಮ ತಮ್ಮ ಚೌಕದಲ್ಲಿ ಹೆಬ್ಬೆರಳಗಲ ಬಿಟ್ಟುಕೊಟ್ಟರೆ, ಎಲ್ಲ ಕೂಡಿ ಒಂದು ಚೌಕ ಆಗುತ್ತೆ. ಹೋಗಿ ಕೇಳು. ಆದರೆ ಎಂಟು ವರ್ಷದಲ್ಲಿ ಯಾರೂ ಕೊಟ್ಟಿಲ್ಲ."

"ಬೇರೆಯವರು ಕೇಳಿದರು, ಕೊಡಲಿಲ್ಲ. ಈಗ ಕೇಳೋನು ನಾನು," ಅಂತ ಹೈದ ಮಾರನೆಯ ದಿನ ಬೀದಿ ಬೀದಿ ಹೊಕ್ಕ.

"ನಮ್ಮದನ್ನ ಯಾಕೆ ಕೇಳ್ತೀಯ?" ಅಂದರು ಮೀನಿನವರು. "ಎಣ್ಣೆಯವರನ್ನ ಕೇಳು, ಒಬ್ಬೊಬ್ಬರ ಚೌಕದಲ್ಲಿ ಇಬ್ಬಿಬ್ಬರು ನಿಲ್ಲಬಹುದು."

"ನಾವು ದಪ್ಪ, ನಮಗೇ ಸಾಲದು," ಅಂದರು ಎಣ್ಣೆಯವರು. "ಮಣ್ಣಿನವರನ್ನ ಕೇಳು. ಕುಕ್ಕರಗಾಲಲ್ಲಿ ಕೂರೋ ಜನ, ಅವರಿಗೆಷ್ಟು ಬೇಕು?"

"ಕೂತರೆ ಜಾಸ್ತಿ ಬೇಕಾಗುತ್ತೆ ಕಣಯ್ಯಾ, ತಿಳೀದಾ?" ಅಂದರು ಮಣ್ಣಿನವರು. "ಹೋಗಿ ಆ ನೂಲಿನವರನ್ನ ಕೇಳು. ಗೋಡೆಗೆ ಒರಗಿಕೊಂಡು ಮಹಾರಾಜರ ಹಾಗಿದ್ದಾರೆ. ಅರಮನೆಗೆ ಶಾಲು ಹೊದಿಸಿ ಮೊದಲ ಸಾಲು ಹೊಡಕೊಂಡರು."

ಮೂರು ಬೀದಿಯ ಸಿಟ್ಟೂ ಸರಿದು ಸರಿದು ಕೊನೆಗೆ ಒಂದೇ ಕಡೆಗೆ ಬೆರಳು ಮಾಡಿತ್ತು. ಹೈದ ತೋಳು ಮಡಿಸಿ, ಹೊಡೆದಾಟಕ್ಕೆ ಹೊರಟವನ ಹಾಗೆ ನೂಲಿನವರ ಬೀದಿಗೆ ನುಗ್ಗಿದ. ನುಗ್ಗಿದವನು ನಿಂತ. ಆ ಬೀದಿಯಲ್ಲಿ ಮಗ್ಗದ ಸದ್ದಿಗಿಂತ ಕೆಮ್ಮಿನ ಸದ್ದು ಹೆಚ್ಚಿತ್ತು. ಮನೆ ಮನೆಯಲ್ಲೂ ಕೆಮ್ಮು. ಜಗಲಿಯ ಮೇಲೆ ಒಬ್ಬ ಅಜ್ಜಿ ಮೂರು ಕಂಬಳಿ ಹೊದ್ದು, ಇಳಿಬಿಸಿಲಿನ ಒಂದು ತುಂಡನ್ನು ಹುಡುಕಿ ಅದರೊಳಗೆ ಕಾಲು ಚಾಚಿ ಕೂತಿದ್ದಳು.

"ಯಾರಪ್ಪ? ಉಪ್ಪಿನವರ ನೆಂಟನಾ? ಪುಣ್ಯವಂತರು ಅವರು," ಅಂದಳು.

"ಯಾರು? ನಮ್ಮ ಭಾವನ ಬೀದಿಯವರಾ ಪುಣ್ಯವಂತರು?"

"ಕೊನೆಯ ಸಾಲಲ್ವಾ. ಒಂದು ತಿಂಗಳಲ್ಲಿ ಅಲ್ಲದಿದ್ದರೆ ಇನ್ನೊಂದರಲ್ಲಿ ಮೈಗೆ ಬಿಸಿಲು ಬೀಳುತ್ತೆ. ನಮಗೆ ನೋಡು, ಎಂಟು ವರ್ಷದಿಂದ ನಡುಹಗಲಿನ ಸೂರ್ಯ ಹೇಗಿದ್ದಾನೆ ಅಂತ ಗೊತ್ತಿಲ್ಲ. ಗೋಡೆಗೆ ಬೆನ್ನು ತಾಗಿದರೆ ಬಾವಿಯೊಳಗೆ ನಿಂತ ಹಾಗೆ. ಕೆಮ್ಮಿದಾಗೊಮ್ಮೆ ಮಗ್ಗದಲ್ಲಿ ನೂಲು ಕಡಿಯುತ್ತೆ. ನಿನಗೆ ಚೌಕ ಬೇಕಂತೆ. ಹೆಬ್ಬೆರಳಗಲ ಯಾಕೆ, ನನ್ನದಷ್ಟನ್ನೂ ತಗೋ. ಆದರೆ ನನಗೆ ಬಿಸಿಲಲ್ಲಿ ಜಾಗ ಕೊಡಿಸು."

"ಬಿಸಿಲು ಯಾರ ಪಾಲಿಗೂ ಬರೆದಿಲ್ಲ ಅಜ್ಜಿ."

"ಅದೇ ಕಷ್ಟ," ಅಂದಳು ಅಜ್ಜಿ. ಕಾಲನ್ನು ಬಿಸಿಲಿನೊಳಕ್ಕೆ ಇನ್ನಷ್ಟು ಚಾಚಿ ಕೇಳಿದಳು: "ಬಿಸಿಲಿಗೆ ಹಾಕ್ತೀವಿ, ಬಿಸಿಲಿಗೆ ಹಾಕ್ತೀವಿ ಅಂತಾರಲ್ಲ, ನಿಜವಾಗ್ಲೂ ಬಿಸಿಲಿಗೇ ಹಾಕ್ತಾರಾ?"

"ಹೌದಂತೆ."

"ಹಾಂ," ಅಂದಳು ಅಜ್ಜಿ.

ಹೈದ ಬಂದದ್ದು ಕಿತ್ತುಕೊಳ್ಳಲು. ಹೋಗುವಾಗ ಬರಿಗೈಯಲ್ಲಿ, ಬಾಯಿ ಮುಚ್ಚಿಕೊಂಡು ಹೋದ. ಮನೆಯಲ್ಲಿ ಅಕ್ಕನೂ ಅವನೂ ಅವರೆಕಾಳು ಬಿಡಿಸುತ್ತ ಕೂತರು. ಕೂಸು ತಾಯಿಯ ಮಡಿಲಿನಿಂದ ಕೈ ಚಾಚಿ ಕಾಳುಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿತು. ಒಂದೊಂದಕ್ಕೂ ಒಂದೊಂದು ಬೆರಳಗಲ ಜಾಗ ಬಿಟ್ಟಿತು.

ಮರುದಿನ ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಗಂಟೆ ಬಾರಿಸಿತು. ಊರು ಗೆರೆಯೊಳಗೆ ನಿಂತಿತು. ಹೈದ ಭಾವನ ಪಾದದ ಮೇಲೆ ನಿಂತ. ಪಾದ ನೋಡುವವರು ಬೆತ್ತ ಆಡಿಸುತ್ತ ನೂಲಿನವರನ್ನು ದಾಟಿದರು, ಮಣ್ಣಿನವರನ್ನು ದಾಟಿದರು, ಎಣ್ಣೆಯವರನ್ನು, ಮೀನಿನವರನ್ನು ದಾಟಿದರು. ಉಪ್ಪಿನವರ ಸಾಲಿಗೆ ಬಂದರು.

ಆಗ ಒಣಕಡ್ಡಿ ಮುರಿದ ಹಾಗೆ ಒಂದು ಸದ್ದಾಯಿತು. ಅಕ್ಕನ ಎಡಸೊಂಟ.

ಅವಳು ಕೂಗಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕುಸಿಯತೊಡಗಿದಳು. ಕೂಸು ಜಾರಿತು. ಕೆನ್ನೆಯಂಥ ಅಂಗಾಲು ನೆಲಕ್ಕೆ ಒಂದು ಗೇಣು ಇತ್ತು, ಆಮೇಲೆ ನಾಲ್ಕು ಬೆರಳು ಇತ್ತು. ಬೆತ್ತಗಳು ಅತ್ತ ತಿರುಗಿದವು. ಹೈದ ಭಾವನ ಪಾದದಿಂದ ಹಾರಿ, ಕೂಸಿನ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡ.

ಎತ್ತಿಕೊಂಡ, ಸರಿ. ಇನ್ನೆಲ್ಲಿ ಇಡುವುದು? ಅಕ್ಕನ ಮೈ ನೆಲದಲ್ಲಿತ್ತು. ಮಾ‌ವನ ಮೈ ಅಂತ ಎಲ್ಲೂ ಬರೆದಿರಲಿಲ್ಲ. ಅವನ ಸ್ವಂತ ಪಾದಕ್ಕೇ ಚೌಕವಿರಲಿಲ್ಲ. ಹೈದ ಕೊನೆಯ ಗೆರೆ ದಾಟಿದ. ಎಂಟು ವರ್ಷದಲ್ಲಿ ಯಾವ ಮಧ್ಯಾಹ್ನವೂ ಯಾರೂ ತಾವಾಗಿ ದಾಟದ ಗೆರೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಐದು ಹೆಜ್ಜೆ. ಬರೆಯದ ನೆರಳಿನ ನಡುಮಧ್ಯೆ ನಿಂತು ಕೂಸನ್ನು ಇಳಿಸಿದ.

"ನಿಂತ್ಕೋ," ಅಂದ.

ಕೂಸಿನ ಕಾಲು ನಡುಗಿತು. ಮೊಣಕಾಲು ಒಳಗೆ ಮಡಚಿಕೊಂಡಿತು, ಮತ್ತೆ ನೆಟ್ಟಗಾಯಿತು. ಹೈದನ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅದು ತನ್ನ ಕಾಲನ್ನೇ ಬಗ್ಗಿ ನೋಡಿತು.

"ಮಾವ, ತಣ್ಣಗಿದೆ," ಅಂದಿತು.

ಉಪ್ಪಿನವರು ಕೇಳಿಸಿಕೊಂಡರು. ತಣ್ಣಗಿದೆಯಂತೆ ಅಂತ ಮೀನಿನವರಿಗೆ ಹೇಳಿದರು. ಮೀನಿನವರು ತಮ್ಮ ಮಾತಿನಲ್ಲಿ ಎಣ್ಣೆಯವರಿಗೆ, ಎಣ್ಣೆಯವರು ತಮ್ಮ ಮಾತಿನಲ್ಲಿ ಮಣ್ಣಿನವರಿಗೆ. ಐದು ಮಾತು ಬದಲಾಗಿ ಸುದ್ದಿ ಗೋಡೆಯ ಬುಡ ಮುಟ್ಟಿತು: ಗೆರೆಯಿಂದಾಚೆ ತಣ್ಣಗಿದೆ.

ಪಾದ ನೋಡುವವರು ಗೆರೆಯ ಅಂಚಿನಲ್ಲಿ ನಿಂತುಬಿಟ್ಟರು. ಕೊನೆಯ ಗೆರೆ ದಾಟಲು ಅವರ ಪಾದಕ್ಕೂ ಅಪ್ಪಣೆ ಇರಲಿಲ್ಲ. ಚಾವಡಿಗೆ ಆಳು ಓಡಿತು. ಮೇನೆಯಲ್ಲಿ ಅಳತೆಯ ಅಧಿಕಾರಿ ಬಂದ, ಹಿಂದೆ ಪುಸ್ತಕ ಹೊತ್ತ ಗುಮಾಸ್ತ. ಮೇನೆಯ ಮೇಲೆ ಕೂತವನಿಗೆ ಎಂಟು ವರ್ಷದಿಂದ ನೆಲ ಬೇಕಾಗಿರಲಿಲ್ಲ.

"ಹಳ್ಳಿಯವನೇ, ನೀನು ನಿಂತಿರುವುದು ಬಿಸಿಲಿನಲ್ಲಿ," ಅಂದ ಅಧಿಕಾರಿ.

"ಸರಿ ಸ್ವಾಮಿ. ಬಿಸಿಲಿಗೆ ಬಿದ್ದಾಯ್ತಲ್ಲ, ಇನ್ನೇನು ಶಿಕ್ಷೆ?"

ಊರಿನಲ್ಲಿ ಎಲ್ಲೋ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ. "ಇವನ ಹೆಸರು ನಮ್ಮ ಪುಸ್ತಕದಲ್ಲಿಲ್ಲ, ಹೊಡೆಯುವುದಕ್ಕೆ ಬರುವುದಿಲ್ಲ. ತಾಯಿಯ ಹೆಸರು ಹೊಡೆಯಿರಿ. ಎತ್ತಿ ಬಯಲಿಗೆ ಹಾಕಿ," ಅಂದ.

ಹೈದನಿಗೆ ಗುಂಡುಕಲ್ಲು ಎತ್ತಿದ ತೋಳು ಎರಡೂ ಇದ್ದವು, ಒಂದು ಕೈಯ ಬೆರಳು ಕೂಸಿನ ಮುಷ್ಟಿಯಲ್ಲಿತ್ತು. ಬಿಡಿಸಿಕೊಂಡರೆ ಕೂಸು ಬೀಳುತ್ತಿತ್ತು. ಅವನು ಹಾಗೇ ನಿಂತ. ಗುಮಾಸ್ತ ಪುಸ್ತಕ ತೆರೆದ. ಉಪ್ಪಿನವರ ಹಾಳೆ ಹುಡುಕಿದ. ಲೇಖನಿ ಎತ್ತಿದ.

"ತಡಿಯಪ್ಪ," ಅಂತ ಗೋಡೆಯ ಬುಡದಿಂದ ಒಂದು ಕೆಮ್ಮು ಬಂತು.

ನೂಲಿನವರ ಅಜ್ಜಿ ತನ್ನ ಚೌಕದಿಂದ ಹೊರಗೆ ಕಾಲಿಟ್ಟಿದ್ದಳು. ಮೂರು ಕಂಬಳಿ ನೆಲಕ್ಕೆ ಎಳೆಯುತ್ತ, ಕಾಲು ಎಳೆಯುತ್ತ, ಸಾಲು ದಾಟಿ ಸಾಲು ದಾಟಿ ಬಂದಳು. ಕಂಬಳಿ ಎಳೆದ ಕಡೆಯೆಲ್ಲ ಸುಣ್ಣ ಅಳಿಸಿಹೋಯಿತು. ಮಣ್ಣಿನವರು ದಾರಿ ಬಿಟ್ಟರು, ಎಣ್ಣೆಯವರು ದಾರಿ ಬಿಟ್ಟರು. ಮೇನೆಯ ಮುಂದೆ ನಿಂತು ಕೈ ಮುಗಿದಳು.

"ನನ್ನ ಹೆಸರನ್ನೂ ಹೊಡಿ ನನ್ನಪ್ಪ. ನಾನೂ ತಪ್ಪು ಮಾಡಿದೆ, ನೋಡು, ಚೌಕ ಬಿಟ್ಟು ಬಂದೆ. ದಮ್ಮಯ್ಯ, ನನ್ನನ್ನ ಬಿಸಿಲಿಗೆ ಹಾಕು."

"ಅಜ್ಜಿ, ಅದು ಶಿಕ್ಷೆ!" ಅಂದ ಗುಮಾಸ್ತ.

"ಗೊತ್ತು ಮಗ. ಬೇಗ ಕೊಡು, ಮೂಳೆಗೆ ಚಳಿ ಹಿಡಿದಿದೆ."

ಅವಳು ಕಾಯಲಿಲ್ಲ. ಕೊನೆಯ ಗೆರೆ ದಾಟಿ, ಹೈದನ ಪಕ್ಕದಲ್ಲೇ ಹಾದು, ಬರೆಯದ ನೆರಳನ್ನೂ ದಾಟಿ, ನಿಜವಾದ ಬಿಸಿಲು ಎಲ್ಲಿ ಶುರುವಾಗುತ್ತಿತ್ತೋ ಅಲ್ಲಿ ಹೋಗಿ ಕೂತಳು. ಒಂದು ಕಂಬಳಿ ತೆಗೆದಳು. ಇನ್ನೊಂದು ತೆಗೆದಳು. ಮುಖವನ್ನು ಸೂರ್ಯನಿಗೆ ಎತ್ತಿ ಹಿಡಿದು ಕಣ್ಣು ಮುಚ್ಚಿದಳು.

ಆಮೇಲೆ ನೂಲಿನವರೆಲ್ಲ ಚೌಕ ಬಿಟ್ಟರು. ಕೆಮ್ಮುತ್ತ ಕೆಮ್ಮುತ್ತ, ಒಬ್ಬರ ಹಿಂದೆ ಒಬ್ಬರು, ಶಿಕ್ಷೆಗೆ ಹೋಗುವ ಸಂಭ್ರಮದಲ್ಲಿ ಬಿಸಿಲಿಗೆ ಹೋದರು. ಮಣ್ಣಿನವರ ಒಬ್ಬ ತಾಯಿ ಬಂದು ಆರು ವರ್ಷದ ಮಗನನ್ನು ಬರೆಯದ ನೆರಳಿನಲ್ಲಿ ಇಳಿಸಿದಳು. ಎಣ್ಣೆಯವರ ತಾಯಿ ಇಳಿಸಿದಳು. ಮೀನಿನವರ ತಾಯಿ ಎರಡು ಮಕ್ಕಳನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡಲು ಹೋಗಿ, ಅದು ಹೇಗೆ ಅನ್ನುವುದು ಮರೆತಿದ್ದರಿಂದ ಅಲ್ಲೇ ಕೂತು ಗೊಳೋ ಅಂತ ಅತ್ತಳು. ನಿಲ್ಲಲು ಬಾರದ ಮಕ್ಕಳು ಒಂದನ್ನೊಂದು ಹಿಡಿದುಕೊಂಡು ನಿಂತವು, ಒಟ್ಟಿಗೆ ಬಿದ್ದವು, ಐದು ಮಾತಿನಲ್ಲಿ ನಕ್ಕವು. ಗುಮಾಸ್ತನ ಹೆಂಡತಿಯೂ ಅಲ್ಲಿದ್ದಳು.

"ಸ್ವಾಮಿ, ಎಷ್ಟು ಹೆಸರು ಹೊಡೆಯಲಿ?" ಅಂತ ಕೇಳಿದ ಗುಮಾಸ್ತ. "ಪುಸ್ತಕ ಖಾಲಿಯಾಗುತ್ತೆ."

ಅಧಿಕಾರಿ ನೆಲ ನೋಡಿದ. ಗೆರೆ ಇರಲಿಲ್ಲ. ಅಷ್ಟು ಪಾದ ಓಡಾಡಿ ಸುಣ್ಣವೆಲ್ಲ ಕದಡಿ, ನೆಲದ ತುಂಬ ಬಿಳಿ ಹೆಜ್ಜೆಗಳಿದ್ದವು. ಯಾವ ಹೆಜ್ಜೆ ಯಾವ ಬೀದಿಯದು ಅಂತ ಪಾದ ನೋಡುವವರಿಗೂ ಹೇಳಲಾಗಲಿಲ್ಲ. ಅವರು ಮಾಡಲು ಕೆಲಸವಿಲ್ಲದೆ ಮೊದಲ ಸಲ ತಲೆಯೆತ್ತಿ ಜನರ ಮುಖ ನೋಡಿದರು, ನೋಡಿ ನಾಚಿಕೊಂಡರು.

ಅಧಿಕಾರಿ ಮೇನೆಯಿಂದ ಒಂದು ಕಾಲು ಇಳಿಸಿದ. ಕೊನೆಯ ಗೆರೆ ಇದ್ದ ಜಾಗದಿಂದ ಆಚೆಗೆ, ಬರಿಗಾಲು. ಬಹಳ ಹೊತ್ತು ಅದನ್ನು ಅಲ್ಲೇ ಇಟ್ಟುಕೊಂಡಿದ್ದ.

"ಸ್ವಾಮಿ?" ಅಂದ ಗುಮಾಸ್ತ.

"ಇದನ್ನು ಬರ್ಕೋಬೇಡ," ಅಂದ ಅಧಿಕಾರಿ. ಕಾಲು ಮೇಲಕ್ಕೆಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳಿದ: "ಅರಮನೆಯ ಅಪ್ಪಣೆ ಬದಲಾಗುವುದಿಲ್ಲ. ಪ್ರತಿಯೊಂದು ಜೀವಕ್ಕೂ ನೆರಳು ಅಂತಿದೆ, ಹಾಗೇ ಇರುತ್ತದೆ. ಆದರೆ ಗೆರೆಯನ್ನು ಯಾವ ದಿನ ಎಳೆಯಬೇಕು ಅಂತ ಅಪ್ಪಣೆಯಲ್ಲಿಲ್ಲ. ಇನ್ನು ಮೇಲೆ ದಿನವೂ ಎಳೆಯಿರಿ. ಅವತ್ತಿನ ನೆರಳು ಎಲ್ಲಿದೆಯೋ ಅಲ್ಲಿ, ಅವತ್ತು ಬಂದು ನಿಂತವರು ಎಷ್ಟಿದ್ದಾರೋ ಅಷ್ಟು."

"ಬಿಸಿಲಲ್ಲಿ ಕೂತವರು?"

ಅಧಿಕಾರಿ ಅಜ್ಜಿಯ ಕಡೆಗೆ ನೋಡಿದ. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು, ಕೆಮ್ಮುತ್ತಿರಲಿಲ್ಲ. "ನನಗೆ ಯಾರೂ ಕಾಣುತ್ತಿಲ್ಲ. ಬಿಸಿಲು ಕಣ್ಣು ಕುಕ್ಕುತ್ತೆ," ಅಂದ. ಮೇನೆ ಎದ್ದಿತು.

ಭಾವ ಅಕ್ಕನ ಸೊಂಟಕ್ಕೆ ನೂಲಿನವರು ಕೊಟ್ಟ ಪಟ್ಟಿ ಸುತ್ತಿದ. ಅವಳನ್ನು ಬರೆಯದ ನೆರಳಿನಲ್ಲೇ ಮಲಗಿಸಿದರು. ಕೂಸು ಹೈದನ ಬೆರಳು ಬಿಟ್ಟು ತಾಯಿಯ ಕಡೆಗೆ ನಡೆಯಿತು. ಐದು ಹೆಜ್ಜೆಯ ದಾರಿ, ನಾಲ್ಕು ಸಲ ಬಿತ್ತು. ಬಿದ್ದಾಗೊಮ್ಮೆ ಹೈದ ಮುಂದಕ್ಕೆ ಹಾರುತ್ತಿದ್ದ. "ಬಿಡೋ, ಏಳ್ತಾಳೆ," ಅನ್ನುತ್ತಿದ್ದಳು ಅಕ್ಕ, ಮಲಗಿದಲ್ಲಿಂದ, ಕಣ್ಣೀರು ಒರೆಸಿಕೊಳ್ಳದೆ. ಐದನೆಯ ಸಲ ಕೂಸು ಬೀಳಲಿಲ್ಲ.

ಹೈದ ಸುಮ್ಮನಿರುವವನೇ? ಆ ಸಾಯಂಕಾಲ ಐದೂ ಬೀದಿಯಲ್ಲಿ ತಾನು ಗೆರೆ ದಾಟಿದ ಕಥೆ ಹೇಳಿದ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. "ಮೊದಲು ದಾಟಿದ್ದು ನಮ್ಮಜ್ಜಿ," ಅಂದರು ನೂಲಿನವರು. "ದಾರಿ ಬಿಟ್ಟದ್ದು ನಾವು," ಅಂದರು ಮಣ್ಣಿನವರು. ಎಣ್ಣೆಯವರದೂ ಮೀನಿನವರದೂ ಬೇರೆ ಬೇರೆ ಕಥೆ ಆಗಲೇ ತಯಾರಾಗಿತ್ತು. ಭಾವ ಮಾತ್ರ ಊದಿದ ಪಾದ ನೀವಿಕೊಳ್ಳುತ್ತ, "ನೀನು ಹಾರಿದ್ದು ನನಗೆ ಚೆನ್ನಾಗಿ ಗೊತ್ತಾಯ್ತು ಬಾಮೈದ," ಅಂದ.

ಮಾರನೆಯ ಬೆಳಿಗ್ಗೆ ಚಾವಡಿಯಿಂದ ಕರೆ ಬಂತು. ಹೈದ ಮಿಂದು, ತಲೆ ಬಾಚಿ, ಭಾವನ ಮದುವೆಯ ಅಂಗಿ ತೊಟ್ಟು ಹೋದ. ಅಂಗಿ ಬೆನ್ನಲ್ಲಿ ಪರಕ್ಕನೆ ಹರಿಯಿತು. ಗುಮಾಸ್ತ ಎದ್ದು ನಿಂತು, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಕೊಡಬೇಕಾದ್ದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಕೊಟ್ಟದ್ದು ಒಂದು ಕಡ್ಡಿಪೊರಕೆ, ಮತ್ತು ದಿನಾ ಬೆಳಿಗ್ಗೆ ಹಿಂದಿನ ದಿನದ ಗೆರೆಯನ್ನು ಗುಡಿಸಿ ಹಾಕುವ ಕೆಲಸ.